ಏಳು ಸೆಕೆಂಡಿನ ಕೂಗು

...ಹಾಗಾಗಿ ಮತ್ತೆ ಆ ಏಳು ಸೆಕೆಂಡಿನ ವಿಷಯಕ್ಕೇ ಬರುತ್ತೇನೆ, ಶಿವಲೀಲಾ ಅವ್ವಾ. ಹೋದ ವರ್ಷದ ಪತ್ರವನ್ನು ಅರ್ಧಕ್ಕೇ ಬಿಟ್ಟಿದ್ದೆ, ಮುಂದಿನ ವರ್ಷ ಬರೆದರಾಯಿತು ಎಂದು. ಈಗ ಆ ಮುಂದಿನ ವರ್ಷ ಬಂದಿದೆ, ನನ್ನ ಹತ್ತಿರ ಉಳಿದಿರುವುದು ಮುಕ್ಕಾಲು ಗಂಟೆ.

ಇವತ್ತು ಎಳ್ಳಮವಾಸ್ಯೆ, ಇಸವಿ ೨೨೧೧. ತಾರೀಖು ನೋಡಿ ಯಾರೋ ಕೀಟಲೆ ಮಾಡುತ್ತಿದ್ದಾರೆ ಎಂದು ಅಳಿಸಿಬಿಡಬೇಡಿ. ನಾನು ದಾನೇಶ್ವರಿ, ಹದಿನೇಳು ವರ್ಷ. ನನ್ನ ಅಜ್ಜಿ ನೀಲಮ್ಮ ಇದ್ದಾಳಲ್ಲ, ನಾನು ಆಯಿ ಎಂದು ಕರೆಯುವವಳು, ಅವಳ ಅಜ್ಜಿಗೆ ನೀವು ಮುತ್ತಜ್ಜಿ. ನನ್ನ ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಾನು ಈ ಕನ್ನಡ ಕಲಿತದ್ದು ನಿಮ್ಮ ‘ನಮ್ಮ ಮಂದಿ’ ಗ್ರೂಪಿನಿಂದಲೇ. ಹನ್ನೊಂದು ಸಾವಿರದ ಚಿಲ್ಲರೆ ಮೆಸೇಜು, ಎಲ್ಲವನ್ನೂ ಓದಿದ್ದೇನೆ, ಕೆಲವನ್ನು ಮೂರು ಮೂರು ಸಲ. ರೇವಣ್ಣ ಮಾವ ದಿನಾ ಕಳಿಸುತ್ತಿದ್ದ ಗುಡ್ ಮಾರ್ನಿಂಗನ್ನೂ ಬಿಟ್ಟಿಲ್ಲ. ಒಂದು ದಿನ ಅವರು ಕಳಿಸಲಿಲ್ಲ, ನೀವು ‘ಮಾವಾ ಆರಾಮ ಇದ್ದೀರಿಲ್ಲೋ?’ ಎಂದು ಕೇಳಿದಿರಿ. ಅದರ ಉತ್ತರ ಸಿಗುವತನಕ ನಾನು ಊಟಕ್ಕೂ ಏಳಲಿಲ್ಲ. ಅವರಿಗೆ ನೆಗಡಿಯಾಗಿತ್ತು, ಅಷ್ಟೇ.

ನಮ್ಮ ಊರಿನ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ನಿಮಗೆ ದಾರಿ ಸಿಗುವುದಿಲ್ಲ. ನಾವಿರುವುದು ಚಪ್ಪರೂರಿನಲ್ಲಿ. ಬಿಸಿಲು ತಡೆಯಲಾಗದೆ ಊರಿಗೆ ಊರನ್ನೇ ಒಂದು ದೊಡ್ಡ ಚಪ್ಪರದ ಕೆಳಗೆ ತಂದಿದ್ದಾರೆ, ಅದಕ್ಕೆ ಆ ಹೆಸರು. ಜೋಳ, ಸಜ್ಜೆ, ಕಡಲೆ ಎಲ್ಲ ಬೆಳೆಯುತ್ತವೆ, ಆದರೆ ಗೋಡೆಯ ಮೇಲೆ, ಅಂತಸ್ತು ಅಂತಸ್ತಾಗಿ. ನೆಲದ ಮೇಲೆ ನಿಂತ ಬೆಳೆಯನ್ನು ನೋಡಬೇಕೆಂದರೆ ಹೊರಚೀಟಿ ಬೇಕು. ವರ್ಷಕ್ಕೆ ಒಂದು ದಿನ, ಒಂದು ಮನೆಗೆ ಐದು ತಾಸು. ನಮ್ಮ ಮನೆಯವರು ಆ ದಿನವನ್ನು ಎಳ್ಳಮವಾಸ್ಯೆಗೇ ಇಟ್ಟುಕೊಂಡಿದ್ದಾರೆ. ಭೀಮೆಯ ದಂಡೆಯಲ್ಲಿ ನಿಮ್ಮದೇ ಎರೆಹೊಲದ ಒಂದು ತುಂಡು ಇನ್ನೂ ನಮ್ಮ ಹೆಸರಿನಲ್ಲಿದೆ, ಒಂದು ಬನ್ನಿ ಗಿಡವೂ ಇದೆ. ಈಗ ಅದರ ಬುಡದಲ್ಲೇ ಕೂತು ಬರೆಯುತ್ತಿದ್ದೇನೆ. ಹೊಲದ ಗೇಟಿನ ಹತ್ತಿರ ಹಿಂದಂಚೆಯ ಪೆಟ್ಟಿಗೆ ಇದೆ. ಹಿಂದಂಚೆ ಎಂದರೆ ಹಿಂದಿನ ಕಾಲದವರಿಗೆ ಹೋಗುವ ಅಂಚೆ. ಹೋಗುತ್ತದೆ ಎಂದು ಕೆಲವರು ನಂಬುತ್ತಾರೆ. ಅದು ಬರೀ ಸಮಾಧಾನದ ಪೆಟ್ಟಿಗೆ ಎಂದು ನಮ್ಮ ಮಾಸ್ತರು ನಗುತ್ತಾರೆ.

ಮುಂಜಾನೆ ನಾವು ಒಂಬತ್ತು ಮಂದಿ ಬುತ್ತಿ ಹೊತ್ತು ಬಂದೆವು. ಸಜ್ಜೆ ರೊಟ್ಟಿ, ಕಡುಬು, ಅಂಬಲಿ, ಶೇಂಗಾ ಹೋಳಿಗೆ, ಭಜ್ಜಿ. ಭಜ್ಜಿ ಪಲ್ಯ ಮಾಡಿದ್ದು ನಾನು, ನೀವು ಗ್ರೂಪಿನಲ್ಲಿ ಬರೆದಿಟ್ಟಂತೆಯೇ: ಹಸಿ ಅವರೆ, ಬಟಾಣಿ, ಕಡಲೆ ಸೊಪ್ಪು, ಮೆಂತ್ಯ, ಪುಂಡಿ ಸೊಪ್ಪು, ಹುಣಸೆ ರಸ, ಹಿಟ್ಟು ಕದಡಿ ಹಾಕುವುದು. ‘ಉಪ್ಪು ಸಾಕಷ್ಟು’ ಎಂದು ಬರೆದಿದ್ದೀರಿ. ಯಾರಿಗೆ ಸಾಕಷ್ಟು, ಅವ್ವಾ? ಮೂರು ವರ್ಷ ಅದೇ ಸಾಕಷ್ಟಿನ ಜೊತೆ ಗುದ್ದಾಡಿದ್ದೇನೆ. ಈ ಸಲ ಆಯಿ ಬೆರಳಿಗೆ ಹಚ್ಚಿಕೊಂಡು ನೆಕ್ಕಿ, ‘ಈಗ ಬಂತು ನೋಡು ಶಿವಲೀಲಾನ ಕೈ’ ಅಂದಳು. ನಿಮ್ಮ ಕೈಯನ್ನು ಅವಳೆಲ್ಲಿ ಕಂಡಿದ್ದಾಳೆ! ಆದರೂ ನನಗೆ ಪದಕ ಸಿಕ್ಕಂತಾಯಿತು.

ಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡಿದೆವು. ಅದೂ ನೀವು ಬರೆದದ್ದೇ. ಬರೆದದ್ದೆಲ್ಲ ನಮಗೆ ದಕ್ಕಿದೆ. ಫೋಟೋಗಳು ಹೋದವು, ಮಾತಾಡಿ ಕಳಿಸಿದ್ದೆಲ್ಲ ಹೋಯಿತು. ಅಕ್ಷರ ಮಾತ್ರ ಉಳಿಯಿತು.

ಆಮೇಲೆ ಚರಗ. ಅಡುಗೆಯ ಮೊದಲ ಪಾಲನ್ನು ಹೊಲದ ಸುತ್ತ ಚೆಲ್ಲಿ ಭೂಮಿತಾಯಿಗೆ ಉಣ್ಣಿಸುವುದು. ಮುಂದೆ ಒಬ್ಬರು ಚೆಲ್ಲುತ್ತ ಕೂಗಬೇಕು, ಹಿಂದೆ ಒಬ್ಬರು ಕೊಡದಿಂದ ನೀರು ಚಿಮುಕಿಸುತ್ತ ಅದಕ್ಕೆ ಉತ್ತರ ಕೂಗಬೇಕು. ನಿಮಗೆ ನಾನು ಹೇಳುವುದೇ ತಮಾಷೆ. ಆದರೆ ನಡುವೆ ನಲವತ್ತು ವರ್ಷ ಯಾರನ್ನೂ ಹೊರಗೆ ಬಿಡಲಿಲ್ಲ. ಮುಂದಿನವರ ಕೂಗನ್ನು ಆಯಿಯ ಅವ್ವ ತೊಟ್ಟಿಲು ತೂಗುತ್ತ ಹಾಡಿದ್ದಳು, ಹಾಗಾಗಿ ಅದು ಉಳಿಯಿತು. ಹಿಂದೆ ನಡೆಯುತ್ತಿದ್ದವರು ಆ ನಲವತ್ತು ವರ್ಷದಲ್ಲಿ ತೀರಿಹೋದರು, ಅವರ ಕೂಗೂ ಅವರ ಜೊತೆಗೇ ಹೋಯಿತು.

ಆಯಿ ಮುಂದೆ ನಡೆದಳು. ಒಂದು ಹಿಡಿ ಚೆಲ್ಲಿ ‘ಇದು ಭೂಮ್ತಾಯಿಗಿ’, ಇನ್ನೊಂದು ಹಿಡಿ ಚೆಲ್ಲಿ ‘ಇದು ಶಿವಲೀಲಾಗ’, ಮತ್ತೊಂದು ‘ರೇವಣ್ಣಗ, ನೆಗಡಿ ಆಗದಂಗ ಇರ್ಲಿ’ ಅಂದಳು. ಎಲ್ಲರೂ ನಕ್ಕೆವು. ಆಮೇಲೆ ಅವಳು ಸೊಂಟಕ್ಕೆ ಕೈಯಿಟ್ಟು ಕೂಗಿದಳು: ‘ಹುಲ್ಲುಲ್ಲಿಗ್ಯೋ...’

ಕೂಗಿ ನಿಂತಳು. ಐವತ್ತು ವರ್ಷದಿಂದ ಹೀಗೇ ನಿಲ್ಲುತ್ತಾಳೆ. ಹಿಂದಿನಿಂದ ಉತ್ತರ ಬರಬೇಕಾದಷ್ಟು ಹೊತ್ತು ನಿಂತು, ಬಾರದಿದ್ದಾಗ ಮುಂದಿನ ಹಿಡಿ ಚೆಲ್ಲುತ್ತಾಳೆ. ಒಂದು ವರ್ಷ ನನ್ನ ಚಿಕ್ಕಪ್ಪ ಶರಣು ಕಾಕಾ ಹಿಂದಿನಿಂದ ‘ಬಂದೆ ಬಂದೆ, ಬಾಗಿಲ ತಗೀ!’ ಎಂದು ಕೂಗಿದ್ದ. ಆಯಿ ನಕ್ಕಳು, ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕಾಕಾ ಆ ಕೊಡ ಹಿಡಿಯಲೇ ಇಲ್ಲ. ಈ ವರ್ಷ ಅದು ನನ್ನ ಕೈಗೆ ಬಂತು.

‘ಏನರೆ ಒಂದು ಕೂಗೇ, ದಾನು’ ಎಂದ ಕಾಕಾ. ‘ಭೂಮಿ ಏನು ಪರೀಕ್ಷಾ ತಗೋತದೇನು?’

‘ಭೂಮ್ತಾಯಿ ಒಪ್ಪ್ತಾಳೋ ಶರಣ್ಯಾ, ಆಕಿ ದೊಡ್ಡಾಕಿ’ ಎಂದಳು ಆಯಿ, ತಿರುಗಿ ನೋಡದೆ. ‘ನನಗ ಗೊತ್ತಾಗ್ತದಲ್ಲ, ಅದಕ್ಕೇನು ಮಾಡ್ಲಿ?’

ನನಗೆ ಗೊತ್ತಿದ್ದದ್ದು ಒಂದೇ. ನಿಮ್ಮ ಗ್ರೂಪಿನಲ್ಲಿ, ನಿಮ್ಮ ಮದುವೆಯಾದ ವರ್ಷದ ಎಳ್ಳಮವಾಸ್ಯೆಯ ಹಿಂದಿನ ದಿನ, ನೀವು ಕೇಳಿದ್ದೀರಿ: ‘ದೊಡ್ಡವ್ವಾ, ಚರಗದಾಗ ಹಿಂದ ಇದ್ದೋರು ಏನಂತ ಕೂಗಬೇಕ್ರಿ? ನಾಳೆ ನನ್ನ ಪಾಳಿ ಅದ.’ ಅದರ ಕೆಳಗೆ ಮಲ್ಲಮ್ಮ ದೊಡ್ಡವ್ವನ ಉತ್ತರ. ಅವರು ಯಾವತ್ತೂ ಟೈಪ್ ಮಾಡಿದವರಲ್ಲ, ಮಾತಾಡಿಯೇ ಕಳಿಸುವವರು. ಈಗ ಅಲ್ಲಿ ಇರುವುದು ಇಷ್ಟೇ: ‘ವಾಯ್ಸ್ ಮೆಸೇಜ್, ೭ ಸೆಕೆಂಡ್. ಲಭ್ಯವಿಲ್ಲ.’ ಅದರ ಕೆಳಗೆ ಹದಿನಾಲ್ಕು ಜನ ಕೈ ಮುಗಿದಿದ್ದಾರೆ. ಹದಿನಾಲ್ಕು ಜನ! ಒಬ್ಬರೂ ಅದನ್ನು ಅಕ್ಷರದಲ್ಲಿ ಇಳಿಸಲಿಲ್ಲ. ಕೊನೆಗೆ ನೀವು ಬರೆದಿರಿ: ‘ಕೇಳಿದೆ ದೊಡ್ಡವ್ವಾ. ಮರ್ತು ಹೋಗ್ತದ, ಇದನ್ನ ಆಮೇಲೆ ಬರ್ದು ಹಾಕ್ತೀನಿ.’ ಮರುದಿನ ರೇವಣ್ಣ ಮಾವನ ಗುಡ್ ಮಾರ್ನಿಂಗ್.

ಆ ‘ಆಮೇಲೆ’ಗಾಗಿ ಗ್ರೂಪಿನ ಕೊನೆಯ ಮೆಸೇಜಿನತನಕ ಹುಡುಕಿದ್ದೇನೆ, ಅವ್ವಾ. ನಿಮ್ಮನ್ನು ಬೈಯುತ್ತಿಲ್ಲ. ನೀವೆಂದರೆ ನನಗೆ ಎಷ್ಟು ಇಷ್ಟ ಎಂದು ಹೇಳಲೂ ನಾಚಿಕೆ. ಎಲ್ಲರ ಹುಟ್ಟಿದ ದಿನ ನೆನಪಿಟ್ಟವರು, ಎಲ್ಲ ಅಡುಗೆ ಬರೆದಿಟ್ಟವರು ನೀವೊಬ್ಬರೇ. ಇದೊಂದು ಮಾತ್ರ ಬಿಟ್ಟುಹೋಯಿತು.

ಏನೂ ತೋಚದೆ ನಾನು ಕೊಡ ಹಿಡಿದು ನಿಂತುಬಿಟ್ಟೆ. ಮನಸ್ಸಿನಲ್ಲೇ ಒಂದರಿಂದ ಏಳರತನಕ ಎಣಿಸಿದೆ. ಹೆಚ್ಚು ಹೊತ್ತಾಯಿತೆಂದು ಆಯಿ ತಿರುಗಿದಳು.

‘ಏನವ್ವ, ಎಷ್ಟೊತ್ತು ನಿಂದ್ರಬೇಕು?’

‘ಏಳು ಸೆಕೆಂಡ್ ಆಯಿ. ಅವರ ಉತ್ತರ ಅಷ್ಟು ಉದ್ದ ಇತ್ತು.’

ಅವಳು ಬುಟ್ಟಿಯನ್ನು ಸೊಂಟದ ಮೇಲೆ ಸರಿಮಾಡಿಕೊಂಡಳು. ಗಾಳಿಗೆ ಜೋಳದ ಗರಿ ಅಲುಗುತ್ತಿತ್ತು. ‘ಏಳು ಸೆಕೆಂಡ್ ಅಂದ್ರ ಸಣ್ಣದಲ್ಲ’ ಎಂದಳು. ‘ನಡುವ ಕೆಮ್ಮಿರಬೇಕು ಮುದುಕಿ.’ ಮತ್ತೆ ನಡೆದಳು, ಮತ್ತೆ ಕೂಗಿದಳು, ನಾನು ಮತ್ತೆ ಎಣಿಸಿದೆ. ಹೊಲದ ನಾಲ್ಕೂ ಮೂಲೆ ಹಾಗೇ ಮುಗಿಯಿತು. ಉಂಡೆವು, ಪಕ್ಕದ ಹೊಲದವರನ್ನು ಕರೆದು ಉಣಿಸಿದೆವು, ಹಿಂದಿನವರ ಕೂಗು ಏನೆಂದು ಅವರನ್ನೂ ಕೇಳಿದೆವು. ಅವರಿಗೆ ಮುಂದಿನ ಕೂಗೂ ಗೊತ್ತಿರಲಿಲ್ಲ. ನಮ್ಮದನ್ನು ಬರೆದುಕೊಂಡು ಹೋದರು.

ಈಗ ಎಲ್ಲರೂ ಬುಟ್ಟಿ ಕಟ್ಟುತ್ತಿದ್ದಾರೆ. ಆಯಿ ಮಾತ್ರ ಬದುವಿನ ಮೇಲೆ ಕೂತಿದ್ದಾಳೆ, ಏಳುತ್ತಿಲ್ಲ. ಅವಳಿಗೀಗ ಎಪ್ಪತ್ತೊಂಬತ್ತು. ಎಂಬತ್ತು ತುಂಬಿದವರಿಗೆ ಹೊರಚೀಟಿ ಕೊಡುವುದಿಲ್ಲ. ಇದು ಅವಳಿಗೂ ಗೊತ್ತು, ನಮಗೂ ಗೊತ್ತು. ಕಾಕಾ ಎರಡು ಸಲ ಕರೆದ. ‘ಇನ್ನೊಂದು ಸಲ ಕೂಗಿ ಬರ್ತೀನಿ ತಡೀ’ ಅಂದಳು. ಆದರೆ ಕೂಗುತ್ತಿಲ್ಲ. ಕೂಗಿದರೆ ಮುಗಿಯುತ್ತದೆ.

ನಾನು ಮಾಡಬಹುದಾದದ್ದು ಈ ಪತ್ರ ಒಂದೇ. ಮಾಸ್ತರು ಹೇಳುತ್ತಾರೆ: ‘ಅವರು ಬರೆದಿದ್ದರೆ ಅದು ಮೊದಲಿನಿಂದಲೂ ಅಲ್ಲಿ ಇರುತ್ತಿತ್ತು. ಇಲ್ಲ ಎಂದರೆ ನಿನ್ನ ಪತ್ರ ಮುಟ್ಟಿಲ್ಲ, ಅಥವಾ ಮುಟ್ಟಿಯೂ ಅವರು ಬರೆದಿಲ್ಲ.’ ಆದರೂ ಪತ್ರವನ್ನು ಪೆಟ್ಟಿಗೆಗೆ ಹಾಕುತ್ತೇನೆ, ಬಂದು ನಿಮ್ಮ ಗ್ರೂಪಿನ ಆ ದಿನವನ್ನು ಮತ್ತೆ ತೆರೆಯುತ್ತೇನೆ, ಕೊಡ ಹಿಡಿದು ಆಯಿಯ ಹಿಂದೆ ನಿಲ್ಲುತ್ತೇನೆ. ಇದು ಶಿವಲೀಲಾ ಅವ್ವನಿಗೆ ಸಿಗದೆ ಬೇರೆ ಯಾರ ಕೈ ಸೇರಿದ್ದರೂ ಸರಿ, ನೀವು ಒಮ್ಮೆಯಾದರೂ ಚರಗದಲ್ಲಿ ಕೊಡ ಹಿಡಿದು ಹಿಂದೆ ನಡೆದಿದ್ದರೆ ಸಾಕು. ಮಾತಾಡಿ ಕಳಿಸಬೇಡಿ, ಕೈ ಮುಗಿಯಬೇಡಿ, ಅಕ್ಷರದಲ್ಲಿ ಬರೆಯಿರಿ.

ಅಗೋ, ಆಯಿ ಎದ್ದಳು. ಸೊಂಟಕ್ಕೆ ಕೈಯಿಟ್ಟಳು. ಹೇಳಿ, ಅವಳು ಕೂಗಿದ ಮೇಲೆ ನಾನು ಏನು ಕೂಗಲಿ?