ಅಪ್ಪನ ಹೆಗಲ ಮೇಲಿನ ಕೈ

ಗ್ವಾದಲಹಾರಾ, ಮೆಕ್ಸಿಕೋ
ನವೆಂಬರ್ ೯, ೧೯೯೬

ಪ್ರೀತಿಯ ಗ್ಲೆಂಡಾ ದೊಡ್ಡಮ್ಮ,

ನಿಮ್ಮ ಎರಡು ಪತ್ರಗಳು ಬಂದು ಒಂದೂವರೆ ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡಿ. ಇಲ್ಲಿ ಮೆಡಿಕಲ್ ಫಸ್ಟ್ ಇಯರ್ ಪಾಠವೆಲ್ಲ ಸ್ಪ್ಯಾನಿಷ್‌ನಲ್ಲಿ. ಅನಾಟಮಿ ಮೇಷ್ಟ್ರು ನನ್ನ ಕಡೆ ನೋಡಿದರೆ ಸಾಕು, ಗೊತ್ತಿದ್ದ ಉತ್ತರವೂ ಇಂಗ್ಲಿಷಿನಲ್ಲೇ ಹೊರಬೀಳುತ್ತದೆ. ಹಾಸ್ಟೆಲ್ ಮಾತ್ರ ಹೊಸದಲ್ಲ. ಹನ್ನೊಂದು ವರ್ಷಕ್ಕೇ ಬೋರ್ಡಿಂಗ್ ಸ್ಕೂಲ್ ಸೇರಿದವಳಿಗೆ ಮಂಚದ ಕೆಳಗೆ ಟ್ರಂಕ್ ಇದ್ದರೆ ಅದೇ ಮನೆ.

ಅಮ್ಮ ಚೆನ್ನಾಗಿದ್ದಾಳೆ ಎಂದು ಬರೆಯಲು ಕೂತೆ. ಆಗುತ್ತಿಲ್ಲ.

ಹೋದ ವಾರ ಸತ್ತವರ ಹಬ್ಬಕ್ಕೆ ಅವಳೀಗ ಇರುವ ಊರು ಅಹಿಹೀಕ್‌ಗೆ ಹೋಗಿದ್ದೆ. ಅಪ್ಪ ತೀರಿಕೊಂಡ ಮೇಲೆ ಒಹಾಯೊದ ಮನೆ ಮಾರಿ ಇಲ್ಲಿಗೆ ಬಂದವಳು, ಈ ಸಲ ಊರವರ ಹಾಗೆ ತಾನೂ ಸತ್ತವರನ್ನು ಮನೆಗೆ ಕರೆಯುವ ಪೀಠ ಇಡುತ್ತೇನೆಂದು ಹಟ ಹಿಡಿದಿದ್ದಳು. ಚೆಂಡುಹೂ, ಮೇಣದಬತ್ತಿ, ಸಿಹಿ ಬ್ರೆಡ್ಡು, ಅಪ್ಪನಿಗೆ ಕಾಫಿ, ದೂರದಿಂದ ಬಂದವರ ಬಾಯಾರಿಕೆಗೆ ಒಂದು ಲೋಟ ನೀರು. ನಡುವೆ ದೋಣಿಯಲ್ಲಿ ಕೂತ ಅಪ್ಪನ ಫೋಟೋ. ಅದೇ ಫೋಟೋದಲ್ಲಿ ಪಕ್ಕಕ್ಕೆ, ಅಪ್ಪನ ಹೆಗಲ ಮೇಲೆ ಕೈಯಿಟ್ಟ ನಮ್ಮ ವೇಡ್ ಅಣ್ಣ. ಅವನು ಅಪ್ಪನೊಂದಿಗೆ ಜಗಳವಾಡಿ ಮನೆ ಬಿಟ್ಟು ನಾಲ್ಕು ವರ್ಷ. ಅಪ್ಪನ ಸಾವಿನ ಸುದ್ದಿ ತಿಳಿಸೋಣವೆಂದರೆ ವಿಳಾಸವೂ ಇರಲಿಲ್ಲವಲ್ಲ.

ಪಕ್ಕದ ಮನೆಯ ಡೋನ್ಯಾ ಚಾಯೋ ಒಳಗೆ ಬಂದವರೇ ಫೋಟೋ ನೋಡಿ ನಿಂತರು.

“ಸೆನ್ಯೋರಾ, ಈ ಹುಡುಗ ಯಾವಾಗ ತೀರ್ಕೊಂಡ?”

“ತೀರ್ಕೊಂಡಿಲ್ಲ. ನನ್ನ ಮಗ.”

“ಅಯ್ಯೋ ದೇವ್ರೇ! ಬದುಕಿರೋರ್ನ ಇಲ್ಲಿಡ್ತಾರಾ? ಸತ್ತೋರ ಪಂಕ್ತೀಲಿ ಎಲೆ ಹಾಕಿ ಕರೆದಂಗೆ! ತೆಗೀರಿ, ತೆಗೀರಿ. ನಿಮ್ಮ ದೇಶದಲ್ಲಿ ಇಷ್ಟೂ ಹೇಳ್ಕೊಡೋರಿಲ್ವಾ?”

“ಅವರಪ್ಪ ನಗ್ತಿರೋದು ಇದೊಂದೇ ಫೋಟೋ, ಚಾಯೋ.”

“ನಗದೇ ಇರೋದನ್ನೇ ಇಡಿ. ನಮ್ಮೆಜಮಾನ್ರು ಯಾವ ಫೋಟೋದಲ್ಲೂ ನಕ್ಕಿಲ್ಲ. ಆದ್ರೂ ವರ್ಷಾ ವರ್ಷಾ ಬಂದು ಟೆಕೀಲಾ ಏರಿಸ್ಕೊಂಡು ಹೋಗಲ್ವಾ?”

ಅಮ್ಮ ನಕ್ಕಳು. ಕತ್ತರಿಸಲು ಮನಸ್ಸು ಬರದೆ ಫೋಟೋ ಮಡಿಸಿದಳು. ವೇಡ್ ಹಿಂದಕ್ಕೆ ಹೋದ. ಆದರೆ ಅಪ್ಪನ ಹೆಗಲ ಮೇಲೆ ಅವನ ಕೈ ಹಾಗೇ ಉಳಿಯಿತು, ನಾಲ್ಕು ಬೆರಳು, ಮೈಯಿಲ್ಲದೆ. ಚಾಯೋ ಶಿಲುಬೆ ಗುರುತು ಮಾಡಿಕೊಂಡು ಅದರ ಮೇಲೊಂದು ಹೂ ಇಟ್ಟರು. ಎರಡು ಸಲ ಬಿತ್ತು.

ಬೆಳಿಗ್ಗೆ ನೋಡಿದರೆ ಲೋಟದ ನೀರು ಎರಡು ಬೆರಳು ಇಳಿದಿತ್ತು. ಒಣ ಹವೆ, ಆವಿಯಾಗಿದೆ ಎಂದೆ. ಅಮ್ಮ ಕೇಳಿಸಿಕೊಳ್ಳಲೇ ಇಲ್ಲ.

“ನಿಮ್ಮಪ್ಪ ಯಾವತ್ತಾದ್ರೂ ನೀರು ಮುಟ್ಟಿದೋರಾ? ಕಾಫಿ ನೋಡು, ಹಾಗೇ ಇದೆ. ಇದು ವೇಡ್. ಅವನು ಬಂದಿದ್ದ ಕಣೇ. ಹೋಗ್ಬಿಟ್ಟಿದಾನೆ ನನ್ನ ಮಗ.”

ಅಳಲಿಲ್ಲ ದೊಡ್ಡಮ್ಮ. ಅದೇ ಭಯ. ಭಾನುವಾರ ಚರ್ಚಿಗೆ ಹೋಗಿ, ಡಿಸೆಂಬರ್ ಒಂದಕ್ಕೆ ವೇಡ್ ಹೆಸರಿನಲ್ಲಿ ಸತ್ತವರ ಪೂಜೆಗೆ ಹೇಳಿ ಬಂದಳು. ನನ್ನನ್ನು ಬಸ್ಸು ಹತ್ತಿಸುವಾಗ, “ಕಾಯೋದು ಮುಗೀತು. ಒಂಥರಾ ಹಗುರ,” ಎಂದಳು. ಅವತ್ತಿನಿಂದ ಕ್ಲಾಸಿನಲ್ಲೂ ಯಾರೋ ನನ್ನ ಹೆಗಲ ಮೇಲೆ ಕೈಯಿಟ್ಟ ಹಾಗಾಗಿ ತಿರುಗಿ ನೋಡುತ್ತೇನೆ. ಪಕ್ಕದವಳು ನಗುತ್ತಾಳೆ.

ಬಿಪಿ ಮಾತ್ರೆ ತಪ್ಪಿಸಬೇಡಿ. ನಿಮ್ಮ ಮಂಡಿನೋವು ಈ ಚಳಿಗಾಲವಾದರೂ ನಿಮ್ಮನ್ನು ಸುಮ್ಮನೆ ಬಿಡಲಿ. ನನಗಾಗಿ ಪ್ರಾರ್ಥಿಸಿ.

ನಿಮ್ಮ
ಮಾರ್ಲಿಸ್

ತಾ.ಕ.: ವೇಡ್ ಬದುಕಿದ್ದಾನೆ. ಸೆಪ್ಟೆಂಬರಿನಲ್ಲಿ ನನ್ನ ಹಳೆಯ ಸ್ಕೂಲಿನಿಂದ ನಂಬರ್ ತೆಗೆದುಕೊಂಡು ಹಾಸ್ಟೆಲ್ಲಿಗೆ ಫೋನ್ ಮಾಡಿದ್ದ. ನನ್ನ ಹಿಂದೆ ಫೋನಿಗಾಗಿ ಆರು ಜನ ಸಾಲು ನಿಂತಿದ್ದರು. “ಅಪ್ಪ ಹೇಗಿದಾರೆ?” ಎಂದ. ಚೆನ್ನಾಗಿದಾರೆ ಎಂದುಬಿಟ್ಟೆ. ಯಾಕೆ ಹಾಗೆಂದೆನೋ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಅವನ ಫೋನ್ ಬಂದದ್ದನ್ನು ಅಮ್ಮನಿಗೆ ಹೇಳಬೇಕೆಂದರೆ ಆ ಸುಳ್ಳನ್ನೂ ಹೇಳಬೇಕಿತ್ತು, ಹೇಳಲಿಲ್ಲ. ಅವನು ನಂಬರ್ ಕೊಡಲಿಲ್ಲ. ಕ್ರಿಸ್‌ಮಸ್ ಹಿಂದಿನ ದಿನ ಮನೆಗೆ ಬರುತ್ತಾನಂತೆ, ನಾವು ಮಾರಿದ ಆ ಮನೆಗೆ. ನೀವು ಮೂರೇ ಬೀದಿ ಆಚೆ ಇದ್ದೀರಿ. ಅವತ್ತು ಅಲ್ಲಿ ನಿಂತಿರುತ್ತೀರಾ? ಫೋನ್ ಇಡುವ ಮುಂಚೆ ಅವನು ಹೇಳಿದ್ದು: “ಈ ಸಲ ನಾನೇ ಮೊದಲು ಕ್ಷಮೆ ಕೇಳ್ತೀನಿ ಅಂತ ಅಪ್ಪಂಗೆ ಹೇಳು.” ಹೇಳ್ತೀನಿ ಎಂದೆ.