ತಪ್ಕಿಗೆನ್ ಮತ್ತೆ ಗುಡ್ಡ ಹತ್ತಿದಳು

ಡಾಕ್ಟರಿಗೆ ಇಟೆನ್‌ನಿಂದ ಚೆರುಟಿಚ್ ಮಾಡುವ ವಂದನೆಗಳು.

ನೀವು ಮಂಡಿ ಬದಲಿಸಿದ ನನ್ನ ಹೆಂಡತಿ ತಪ್ಕಿಗೆನ್ ಕ್ಷೇಮ. ಒಂದು ಕಾಲಕ್ಕೆ ಜಿಲ್ಲೆಗೇ ಮೊದಲಿಗಳಾಗಿ ಓಡಿದವಳು ಇನ್ನು ಅಂಗಳ ದಾಟಲಾರಳೆಂದು ಹೆದರಿದ್ದೆ. ಓಡಬಾರದೆಂಬ ನಿಮ್ಮ ಮಾತು ಮೀರದೆ, ಅವಳು ಹಿರಿಯರ ನಡಿಗೆಯ ಸ್ಪರ್ಧೆಗೆ ಹೆಸರು ಕೊಟ್ಟಳು. ದಿನಾ ಅವಳು ನನ್ನನ್ನೂ ಎಳೆದುಕೊಂಡು ಗುಡ್ಡ ಹತ್ತುವಾಗ ಓಟದ ಹುಡುಗಿಯರು, "ಅಜ್ಜೀ, ಹಸು ತಪ್ಪಿಸ್ಕೊಂಡಿದ್ಯಾ?" ಎಂದು ನಗುತ್ತಿದ್ದರು. "ಹೂಂ ಕಣ್ರೇ, ನೀವೂ ಹುಡುಕೋಕೆ ಬನ್ನಿ" ಎನ್ನುತ್ತಿದ್ದಳು.

ಶನಿವಾರ ಸ್ಪರ್ಧೆ ನಡೆಯಿತು. ಅವಳು ಕೊನೆಯಿಂದ ಎರಡನೆಯವಳಾಗಿ ಬಂದಳು. ಕೊನೆಯವನು ನಾನು, ನನ್ನೆರಡು ಮಂಡಿಗಳೂ ಹುಟ್ಟಿನಿಂದ ಬಂದವೇ. ಗೆರೆಯಾಚೆ ನಿಂತು, "ಬಾರೋ ಮುದುಕಾ, ಚಹಾ ಆರ್ತಿದೆ!" ಎಂದು ಕೂಗಿದಳು. ಆ ಹುಡುಗಿಯರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

ಭಾನುವಾರವಾದರೂ ವಿಶ್ರಾಂತಿ ಬೇಕೆಂದು ದಯವಿಟ್ಟು ಅವಳಿಗೊಂದು ಸಾಲು ಬರೆಯಿರಿ. ಅವಳ ಮಂಡಿಗೆ ಅದು ಬೇಕಿಲ್ಲ, ನನ್ನವಕ್ಕೆ ಬೇಕು.

ನಿಮ್ಮ ಉಪಕಾರ ಮರೆಯದ,
ಚೆರುಟಿಚ್