ಶಹಾಪುರದಲ್ಲಿ ನಿನ್ನ ಪುಸ್ತಕ ಓದಿದವರು

ಶಹಾಪುರ
೧೧-೨-೨೦೦೧, ರವಿವಾರ

ಪ್ರೀತಿಯ ತಂಗಿ ಗೊಲ್ಲಾಳಮ್ಮ,

ನಾವೆಲ್ಲ ಆರಾಮ ಇದ್ದೇವೆ. ನೀನೂ ಹಾಗೇ ಇದ್ದೀಯೆಂದು ನಂಬಿದ್ದೇನೆ. ನೀನು ಕಳಿಸಿದ ಪುಸ್ತಕದ ಕಟ್ಟು ಬಂದು ಮೂರು ತಿಂಗಳಾಯಿತು. ಮುಟ್ಟಿತೆಂದು ಒಂದು ಸಾಲನ್ನೂ ನಾನು ಬರೆಯಲಿಲ್ಲ, ಸಿಟ್ಟಾಗಬೇಡ. ನಿನ್ನ ಸುರಪುರ ಎಷ್ಟು ದೂರ, ಬಸ್ಸಿಗೆ ಒಂದು ತಾಸು. ಬಂದೇ ಹೇಳೋಣವೆಂದು ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದೆ. ಎದುರಿಗೆ ಕೂತರೆ ನೀನು ಕಲಿಸುವ ಶಾಲೆಯ ಮಾತು ತೆಗೆಯುತ್ತೀಯ, ನಾನು ಚಹಾಕ್ಕಿಡಲು ಏಳುತ್ತೇನೆ. ಹದಿನೆಂಟು ವರ್ಷ ಹಾಗೆಯೇ ಕಳೆದೆವು. ಅದಕ್ಕೇ ಕಾಗದ.

"ಅಂಗಡಿಯಲ್ಲಿಡು ಅಕ್ಕಾ, ಓದಿದವರು ಏನಂದರು ತಿಳಿಸು" ಎಂದು ಚೀಟಿ ಇಟ್ಟಿದ್ದೆ. ನಮ್ಮದು ನೋಟ್‌ಬುಕ್ಕು, ಗೈಡು ಮಾರುವ ಅಂಗಡಿ. ಮಾನಸಿಕ ಆಸ್ಪತ್ರೆಯಲ್ಲಿ ಎಂಟು ತಿಂಗಳು ಕಳೆದ ಇಪ್ಪತ್ತರ ಹುಡುಗಿಯ ಕಥೆಯನ್ನು ಇಲ್ಲಿ ಯಾರು ಮುಟ್ಟುತ್ತಾರೆ ಅಂದುಕೊಂಡೆ. ಖರೆ ಹೇಳಬೇಕೆಂದರೆ, ಯಾರೂ ಮುಟ್ಟದಿರಲೆಂದು ಮೊದಲ ವಾರ ಅವನ್ನು ಗೈಡುಗಳ ಹಿಂದೆ ಇಟ್ಟಿದ್ದೆ.

ಅಲ್ಲಿಂದ ಮೊದಲು ಹೊರಗೆ ತೆಗೆದವಳು ಪಕ್ಕದ ಟೇಲರ್ ಶರೀಫಾಬೀ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಮುಖಪುಟ ಚೆಂದ ಕಂಡಿತಂತೆ, "ಓದಿ ಹೇಳು ಅಕ್ಕಾ" ಎಂದು ಗಂಟುಬಿದ್ದಳು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವಳು ಬ್ಲೌಸಿಗೆ ಗುಂಡಿ ಹಚ್ಚುತ್ತ ಕೇಳುತ್ತಿದ್ದಳು, ನಾನು ಓದುತ್ತಿದ್ದೆ. ತಲೆಗೆ ಕರೆಂಟು ಕೊಟ್ಟ ಭಾಗ ಬಂದಾಗ ಅಳುತ್ತಾಳೆಂದು ತಿಳಿದಿದ್ದೆ. ಅಳಲಿಲ್ಲ. ವಾರ್ಡಿನಲ್ಲಿ ಕನ್ನಡಿ ಇರಲಿಲ್ಲವೆಂದು ಬರೆದಿದ್ದೀಯಲ್ಲ, ಅಲ್ಲಿ ಸೂಜಿ ನಿಲ್ಲಿಸಿದಳು.

"ಎಂಟ್ ತಿಂಗಳ ಕನ್ನಡಿನೇ ಇದ್ದಿಲ್ಲಂತ? ಮತ್ತ ಹೊರಗ ಬಂದ ದಿನ ತನ್ನ ಮುಖಾ ತನಗ ಗುರ್ತು ಸಿಕ್ತೇನು?"

ನನಗೇನು ಗೊತ್ತು? ಪುಸ್ತಕದಲ್ಲಿ ಅದಿಲ್ಲ. ದಿನಾ ಕೇಳುತ್ತಾಳೆ, ತಿಳಿಸು.

ಆಮೇಲೆ ಪಂಪಣ್ಣನವರು. ಕಾಲುವೆಯ ಆಫೀಸಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಪೆನ್ನು ಕೊಳ್ಳಲು ಬಂದು ಪುಸ್ತಕ ಒಯ್ದರು. ಮರುದಿನವೇ ಪೆನ್ಸಿಲಿನ ಗುರುತು ಹಾಕಿಕೊಂಡು ಬಂದರು.

"ಬಾಯಾರ, ನಿಮ್ಮ ಲೇಖಕಿ ತಪ್ಪ ಬರದಾರ. ಕಾಲುವಿಗಿ ನೀರ ಬಿಟ್ಟಿದ್ದು ಆಕಿ ಆಸ್ಪತ್ರಿಗಿ ಹೋದ ವರ್ಷ ಅಲ್ರಿ, ಅದರ ಮುಂದಿನ ವರ್ಷ. ನಾನ ಅಲ್ಲೇ ನಿಂತಿದ್ದೆ."

ಓದಿದ್ದರಲ್ಲಿ ಇವರಿಗೆ ಕಂಡದ್ದು ಇಷ್ಟೇ ಏನು ಎಂದು ನನಗೆ ನಗು ಬಂತು. ವಾರದ ನಂತರ ಮತ್ತೆ ಬಂದರು. ಏನೂ ಕೊಳ್ಳಲಿಲ್ಲ. ಬಹಳ ಹೊತ್ತು ಕಂಪಾಸು ಪೆಟ್ಟಿಗೆಗಳನ್ನು ತೆರೆದು ಮುಚ್ಚುತ್ತ ನಿಂತು, "ನೀರಿಂದೊಂದು ಬಿಟ್ರ ಉಳದದ್ದೆಲ್ಲಾ ಖರೆ ಅದರಿ" ಎಂದರು.

"ನಿಮಗ ಹ್ಯಾಂಗ ಗೊತ್ರಿ?" ಎಂದೆ.

"ನಮ್ಮ ತಮ್ಮೊಬ್ಬ ಇದ್ದ."

ಇದ್ದ ಎಂದರು.

ಮನೆಯವರೂ ಓದಿದರು ಗೊಲ್ಲಾಳಮ್ಮ. ನೀನು ಆಸ್ಪತ್ರೆಯಲ್ಲಿದ್ದ ವರ್ಷ ನಾನು ಈ ಮನೆಗೆ ಹೊಸ ಸೊಸೆ. ತಂಗಿ ಹೈದರಾಬಾದಿನ ಚಿಕ್ಕಮ್ಮನ ಮನೆಯಲ್ಲಿ ಓದುತ್ತಿದ್ದಾಳೆ ಎಂದು ಹೇಳಿದ್ದೆವು. ಅದನ್ನೇ ಅವರು ಇಲ್ಲಿಯವರೆಗೆ ನಂಬಿದ್ದರು. ಎರಡು ರಾತ್ರಿಯಲ್ಲಿ ಓದಿ ಮುಗಿಸಿದರು. ಮೂರನೆಯ ದಿನ ಊಟಕ್ಕೆ ಕೂತಾಗ, "ಆ ಹುಡುಗಿ ಪ್ರತಿ ವರ್ಷ ನಮ್ಮ ಮನಿಗಿ ಬರ್ತಾಳ. ಹೈದರಾಬಾದ್ ಹ್ಯಾಂಗದ ಅಂತ ಆಕಿನ್ನ ಎಷ್ಟ್ ಸಲ ಕೇಳೀನಿ ನಾ. ಆಕಿ ಏನಾರ ಒಂದು ಹೇಳ್ತಿದ್ಳು. ಆಕಿ ಬಾಯಿಲೆ ಅಷ್ಟು ಸುಳ್ಳು ಹೇಳಿಸಿದಿ ಅಲ್ಲ?" ಎಂದರು. ಅವರ ಸಿಟ್ಟು ತಾವು ಮೋಸಹೋದದ್ದಕ್ಕಲ್ಲ, ನಿನ್ನಿಂದ ಸುಳ್ಳು ಹೇಳಿಸಿದ್ದಕ್ಕೆ. ಹಾಗೆ ಯೋಚಿಸುವ ಮನುಷ್ಯನೆಂದು ಮೊದಲೇ ತಿಳಿದಿದ್ದರೆ! ಮರುದಿನ ಪುಸ್ತಕಗಳನ್ನು ಅವರೇ ಮುಂದಿನ ಸಾಲಿಗೆ ತಂದಿಟ್ಟರು.

ಈಗ ಮುಖ್ಯ ಸುದ್ದಿ. ವನದುರ್ಗದ ಬಾಲಮ್ಮ ಎಂಬ ಹುಡುಗಿ, ಹತ್ತೊಂಬತ್ತು ವರ್ಷ, ಇಲ್ಲಿ ಕಾಲೇಜಿಗೆ ಬರುತ್ತಾಳೆ. ತಾಯಿ ಮೋನಮ್ಮ ಹೊಲದ ಕೂಲಿಗೆ ಹೋಗುವವಳು. ಈ ಬಾಲಮ್ಮ ದಿನಾ ಸಂಜೆ ಊರಿನ ಬಸ್ಸು ಬರುವ ಮುಂಚೆ ಬಂದು ನಿನ್ನ ಪುಸ್ತಕವನ್ನು ನಿಂತೇ ಓದುತ್ತಿದ್ದಳು. ಒಯ್ಯಿ ಎಂದರೆ ಒಲ್ಲೆ ಎನ್ನುವಳು. ಐದನೆಯ ದಿನ ಮುಖವೆತ್ತಿ ಕೇಳಿದಳು.

"ಈಕಿಗಿ ಈಗ ನಿದ್ದಿ ಬರ್ತದೇನ್ರಿ?"

ನನ್ನ ಒಡಹುಟ್ಟಿದವಳಿಗೆ ನಿದ್ದೆ ಬರುತ್ತದೋ ಇಲ್ಲವೋ, ನನಗೆ ಗೊತ್ತಿಲ್ಲ. ಎಂದೂ ಕೇಳಿಲ್ಲ.

"ನಿಮಗ ಪರಿಚಯ ಏನ್ರಿ?" ಎಂದಳು.

ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. "ನನ್ನ ತಂಗಿ" ಎಂದೆ. ಹೇಳಿದ ಮೇಲೆ ಯಾರೂ ಅಂಗಡಿ ಬಿಟ್ಟು ಹೋಗಲಿಲ್ಲ, ಒಬ್ಬರು ಪೆನ್ಸಿಲ್ ಕೇಳಿದರು, ಕೊಟ್ಟೆ. ಅಷ್ಟೇ ಆದದ್ದು.

ಆಗ ಆ ಹುಡುಗಿ ಹೇಳಿದಳು: "ನನಗ ನಾಕು ತಿಂಗಳಾತ್ರಿ ನಿದ್ದಿ ಇಲ್ಲ. ಕಾಲುವಿ ದಂಡಿಗಿ ಹೋದ್ರ ನೀರು ಬಾ ಅಂತ ಕರದಂಗ ಆಗ್ತದ."

ಅವಳನ್ನು ಒಬ್ಬಳೇ ಬಸ್ಸು ಹತ್ತಿಸಲಿಲ್ಲ. ಮನೆಯವರು ಅಂಗಡಿ ಮುಚ್ಚಿದರು, ಮೂವರೂ ವನದುರ್ಗಕ್ಕೆ ಹೋದೆವು. ಮೋನಮ್ಮ ಬೈದಾಳೆಂದು ಹೆದರಿದ್ದೆ. ಅವಳು ನಮ್ಮನ್ನು ಅಂಗಳದಲ್ಲೇ ಕೂರಿಸಿಕೊಂಡು ಹೇಳಿದಳು. "ಎರಡು ಕಡಿ ತಾಯತ ಕಟ್ಟಿಸೀನ್ರಿ ಅಕ್ಕಾರ. ಈಕಿ ನೋಡಿದ್ರ, ಯವ್ವಾ, ಪುಸ್ತಕದಾಗ ಬರದಾರ, ಇದು ಬ್ಯಾನಿ ಅಂತ, ದವಾಖಾನಿಗಿ ಕರಕೊಂಡು ನಡಿ ಅಂತಾಳ. ಹೋದ್ರ ಮಂದಿ ಏನಂತಾರ ಅಂತ ನಾನೇ ತಡದೀನಿ."

ಮರುದಿನ ಗುಲಬರ್ಗಾಕ್ಕೆ ಒಯ್ದೆವು. ಡಾಕ್ಟರು ಹನ್ನೆರಡು ದಿನ ಇಟ್ಟುಕೊಂಡರು. ನಾಲ್ಕನೆಯ ದಿನ ನೋಡಲು ಬಿಟ್ಟಾಗ ಮೋನಮ್ಮ ವಾರ್ಡಿನ ಬಾಗಿಲಲ್ಲಿ ನಿಂತುಬಿಟ್ಟಳು. "ನನ್ನ ಕಾಲ ಮುಂದ ಬರವಲ್ವು ಅಕ್ಕಾರ, ನೀವೇ ಹೋಗಿ ಬರ್ರಿ."

"ಕಾಲ ಬರದಿದ್ರ ನನ್ನ ಹೆಗಲ ಹಿಡಕೋ. ಆಕಿ ನಿನ್ನ ಹಾದಿನೇ ನೋಡಾಕತ್ತಾಳ" ಎಂದು ಅವಳನ್ನು ಎಳೆದುಕೊಂಡೇ ಒಳಗೆ ಹೋದೆ. ಬಾಲಮ್ಮ ಮಂಚದ ಮೇಲೆ ಕೂತಿದ್ದಳು. ತಾಯಿಯನ್ನು ಕಂಡವಳೇ ಅತ್ತಳು. ನಾಲ್ಕು ತಿಂಗಳಲ್ಲಿ ಅಳುವುದೂ ಅವಳಿಗೆ ಬಂದಿರಲಿಲ್ಲವಂತೆ.

ಕಳೆದ ಗುರುವಾರ ಅಂಗಡಿಗೆ ಬಂದಿದ್ದಳು. "ಮಾತ್ರಿ ತಗೊಂಡ್ರ ಬಾಯಿ ಒಣಗ್ತದ್ರಿ, ಆದ್ರ ಐದಾರು ತಾಸು ನಿದ್ದಿ ಬರ್ತದ" ಎಂದಳು. ಡಾಕ್ಟರು ಕಡಿಮೆಯೆಂದರೂ ಒಂದು ವರ್ಷ ಮಾತ್ರೆ ಬಿಡಬಾರದೆಂದಿದ್ದಾರೆ. ತಿಂಗಳಿಗೊಮ್ಮೆ ತೋರಿಸಬೇಕು, ನಾನೂ ಜೊತೆಗೆ ಹೋಗುತ್ತೇನೆ. ಈ ಸಲ ಪುಸ್ತಕವನ್ನು ಮನೆಗೆ ಒಯ್ದಳು. ನಿನ್ನನ್ನು ಕಾಣಬೇಕಂತೆ, ಕರೆತರಲೇ?

ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಬರೆದದ್ದು ಒಂದು ಮನೆಯ ಬೆಳಕನ್ನು ಉಳಿಸಿದೆ, ಅದರ ಪುಣ್ಯವೆಲ್ಲ ನಿನಗೇ ಸೇರಲಿ. ನೂರು ಕಾಲ ಚೆನ್ನಾಗಿ ಬಾಳು.

ನಿನ್ನ ಅಕ್ಕ,
ಪಾರ್ವತಿಬಾಯಿ

ತಾ.ಕ.: ಇದನ್ನು ಬರೆಯಲೆಂದೇ ಮೂರು ತಿಂಗಳಾಯಿತು. "ಎಂಟು ತಿಂಗಳಲ್ಲಿ ನನ್ನವರೆಂದು ಅಪ್ಪನೊಬ್ಬನೇ ಬಂದ" ಎಂದು ಬರೆದಿದ್ದೀಯ. ನಾನೂ ಬಂದಿದ್ದೆ. ತವರಿಗೆ ಹೋಗುತ್ತೇನೆಂದು ಅತ್ತೆಗೆ ಹೇಳಿ, ಯಾದಗಿರಿಯಲ್ಲಿ ಅಪ್ಪನ ಜೊತೆ ರೈಲು ಹತ್ತಿದ್ದೆ. ಅಪ್ಪ ಒಳಗೆ ಬಂದ, ನಾನು ಗೇಟಿನ ಹೊರಗೆ ಉಳಿದೆ. ಸರಳುಗಳ ಸಂದಿಯಿಂದ ನೀನು ಕಂಡೆ. ಕೂದಲು ಕತ್ತರಿಸಿದ್ದರು. ನೀನು ಗೇಟಿನ ಕಡೆ ನೋಡಿದೆ, ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಯಾರಿಗೂ ಹೇಳಬೇಡವೆಂದು ಅಪ್ಪನಿಂದ ಆಣೆ ತೆಗೆದುಕೊಂಡೆ, ಸಾಯುವವರೆಗೂ ಅವನು ಹೇಳಲಿಲ್ಲ. ಮಂದಿಗೆ ಹೆದರಿದೆನೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದಲ್ಲ ತಂಗಿ. ಆಗ ನನಗೆ ನಾಲ್ಕು ತಿಂಗಳಾಗಿತ್ತು. ಹೊಟ್ಟೆಯಲ್ಲಿದ್ದ ಕೂಸಿನ ಮೇಲೆ ನಿನ್ನ ನೆರಳು ಬಿದ್ದೀತೆಂದು ಹೆದರಿದೆ. ನಿನ್ನ ನೆರಳಿಗೆ. ಪುಸ್ತಕ ಮತ್ತೆ ಅಚ್ಚಾದರೆ ಇದನ್ನೂ ಸೇರಿಸು, ನನ್ನ ಹೆಸರು ಹಾಕಿಯೇ ಬರೆ.